ಬಳೆಯಕ್ಕನ ಗರುಡಫಲದ ಎಣ್ಣೆ

ಮೊನ್ನೆ ಬಿ.ಸಿ.ರೋಡಿನ ಆಯುರ್ವೇದ ಮದ್ದಿನ ಅಂಗಡಿಯಲ್ಲಿ ಮೊಣಕಾಲು ನೋವಿಗೆ ತೈಲ ಕೇಳುತ್ತ ನಿಂತಿದ್ದೆ. ಅಂಗಡಿಯವನು ಇನ್ಯಾರಿಗೋ ಗರುಡಫಲದ ಎಣ್ಣೆಯ ಬಾಟಲಿ ತೆರೆದ. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಬಳೆಯಕ್ಕ ನೆನಪಾದಳು...

ಐವತ್ತರ ದಶಕದಲ್ಲಿ ವಾಮದಪದವಿನ ನಮ್ಮ ತವರಿಗೆ ಬಳೆಯ ಮಲಾರ ಹೊತ್ತು ಬರುತ್ತಿದ್ದವಳು ಅವಳು. ಅಂಗೈಯನ್ನು ಒತ್ತಿ ಮೆತ್ತಗೆ ಮಾಡಿ, ನೋವಾಗದಂತೆ ಗಾಜಿನ ಬಳೆ ಏರಿಸುತ್ತಿದ್ದಳು. ಬಳೆಗಾರ್ತಿಯೇ ಕೈ ಹಿಡಿದು ತೊಡಿಸಬೇಕು, ನಾವಾಗಿ ತೊಟ್ಟುಕೊಂಡರೆ ಶುಭವಲ್ಲ ಎಂದು ನಂಬಿದ್ದ ಕಾಲ.

ಒಂದು ವರ್ಷ ಅವಳ ತೋಳಿನಲ್ಲಿ ಕೆಂಪು ಮಚ್ಚೆಗಳೆದ್ದವು. ಊರಿನ ಪಂಡಿತರು ಗರುಡಫಲದ ಎಣ್ಣೆ ಕೊಟ್ಟರು. ಅದು ಕುಷ್ಠದ ಮದ್ದೆಂದು ಯಾರಿಗೆ ಗೊತ್ತಿರಲಿಲ್ಲ? ಅವಳು ಅಂಗಳಕ್ಕೆ ಕಾಲಿಡುವ ಮೊದಲೇ ವಾಸನೆ ಚಾವಡಿಗೆ ಬರುತ್ತಿತ್ತು, ಹೆಂಗಸರು ಒಳಗೆ ಸರಿಯುತ್ತಿದ್ದರು. ಊರ ಬಾಯಿಗೆ ಮುಚ್ಚಳ ಉಂಟೇ?

ನನ್ನ ಅಮ್ಮ ಸುಮ್ಮನಿರುವವಳಲ್ಲ. ಬಳೆಯಕ್ಕನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದಳು. ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ ಡಾಕ್ಟರು ಕೊನೆಗೆ ಹೇಳಿದರು: ಕುಷ್ಠವಲ್ಲ, ಚರ್ಮದಲ್ಲಿ ನೆಲೆಯೂರುವ ಅಪರೂಪದ ಕ್ಯಾನ್ಸರ್, ಲಿಂಫೋಮಾ. ಅಂಟುವುದಿಲ್ಲ. ವರ್ಷಗಟ್ಟಲೆ ಹೀಗೇ ಇರಬಹುದು. ಗಂಟು ಕಟ್ಟಿ ಒಳಗಿಳಿದರೆ ಕಷ್ಟ. ಅಮ್ಮ ಅತ್ತುಬಿಟ್ಟಳು. ಬಳೆಯಕ್ಕನ ಮುಖ ಮಾತ್ರ ಅರಳಿತ್ತಂತೆ.

"ಅಂಟುವುದಿಲ್ಲ ಅಂತ ಹೇಳಿದ್ರಲ್ಲ ಅಮ್ಮ, ಅಷ್ಟು ಸಾಕು. ಸಾವು ಎಲ್ಲರಿಗೂ ಉಂಟು. ಯಾರೂ ಕೈ ಕೊಡದಿದ್ರೆ ನಾನು ಬದುಕುವುದು ಹೇಗೆ?"

ಆದರೆ ಊರು ನಂಬಲಿಲ್ಲ. ಅಷ್ಟರಲ್ಲಿ ಮೂಡುಬಿದಿರೆಯ ಗಂಡನ ಮನೆಯಲ್ಲಿ ನನ್ನ ಸೀಮಂತ ಬಂತು. ಬಳೆ ತೊಡಿಸಲು ಅಮ್ಮ ಬಳೆಯಕ್ಕನನ್ನೇ ಕರೆತಂದಳು. ನೆಂಟರ ನಡುವೆ ಗುಸುಗುಸು. "ಹೊಟ್ಟೆಯಲ್ಲಿ ಮಗು ಉಂಟು ಮಾರಾಯ್ತಿ, ಬೇಡ," ಎಂದರು ಅತ್ತೆ. ನನಗೂ ಹೆದರಿಕೆಯಿತ್ತು, ಸುಳ್ಳೇಕೆ? ಬಳೆಯಕ್ಕ ಮಲಾರ ಬಿಚ್ಚದೆ ನನ್ನನ್ನೇ ನೋಡುತ್ತಿದ್ದಳು. ಎರಡೂ ಕೈ ಚಾಚಿದೆ. ಅವಳು ಎಂದಿನಂತೆ ಅಂಗೈ ಒತ್ತಿ ಬಳೆ ಏರಿಸಿದಳು, ಒಂದು ಬಳೆಯೂ ಒಡೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅತ್ತೆಯೂ ಬಂದು ಅವಳ ಮುಂದೆ ಕೂತರು...

ಆಮೇಲೆ ಕೆಲವು ವರ್ಷ ಅವಳು ಬೆಳ್ತಂಗಡಿಯವರೆಗೂ ಬಳೆ ತೊಡಿಸುತ್ತ ತಿರುಗಿದಳು. ಅರವತ್ತರ ದಶಕದಲ್ಲಿ ಮಚ್ಚೆಗಳು ಗಂಟಾದವು, ಹುಣ್ಣಾದವು. ಒಂದು ಮಳೆಗಾಲ ಕಳೆದ ಮೇಲೆ ಅವಳು ಬರಲೇ ಇಲ್ಲ. ಈಗ ಇದೇ ರೋಗ ಮೊದಲೇ ತಿಳಿದರೆ ಹೆಚ್ಚಿನವರು ಬಹಳ ಕಾಲ ಬಾಳುತ್ತಾರೆ ಎನ್ನುತ್ತಾಳೆ, ಅಂದು ಹೊಟ್ಟೆಯಲ್ಲಿದ್ದ ನನ್ನ ಡಾಕ್ಟರ್ ಮಗಳು. ಕೇಳಿದರೆ ಸಂಕಟವಾಗುತ್ತದೆ.

"ನಿಮಗೂ ಬೇಕಾ ಅಮ್ಮ?" ಎಂದ ಅಂಗಡಿಯವನು. ಬೇಡ ಎನ್ನುತ್ತಲೇ ಕೈ ಚಾಚಿದೆ. ಒಂದು ತೊಟ್ಟು ಹಾಕಿದ. ಮಣಿಕಟ್ಟಿಗೆ ಸವರಿಕೊಂಡೆ. ಅಲ್ಲಿ ಈಗ ಗಾಜಿನ ಬಳೆಯಿಲ್ಲ, ತೊಡಿಸುವ ಅವಳೂ ಇಲ್ಲ.