ಅವ್ವನ ಎಡಗಡೆಯ ಜಾಗ

ಜಕ್ಕೂರಿನ ಶ್ರೀರಾಮಪ್ಪನವರು ಯಾವ ಹೊಸದಕ್ಕೂ ಸುಲಭವಾಗಿ ತಲೆಯಾಡಿಸಿದ ಆಸಾಮಿಯಲ್ಲ. ವಿಮಾನ ಹಾರಿಸುವ ಮೈದಾನದ ಗೇಟು ಕಾದು ನಿವೃತ್ತರಾದವರು. ದಿನಾ ವಿಮಾನ ಏರಿಳಿಯುವುದನ್ನು ಕಂಡ ಮನುಷ್ಯ, ಮನೆಗೆ ಗ್ಯಾಸ್ ಒಲೆ ಬಂದ ದಿನ ಊಟ ಬಿಟ್ಟು ಕೂತುಬಿಟ್ಟರು. ಗ್ಯಾಸಿನ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲವಂತೆ! ಹೆಂಡತಿ ಸೊಣ್ಣಮ್ಮ ವಾದಕ್ಕೆ ಇಳಿಯಲಿಲ್ಲ. ಹಿತ್ತಲಲ್ಲಿ ನಾಲ್ಕು ಸೌದೆ ಹಚ್ಚಿ ಹೊಗೆ ಎಬ್ಬಿಸಿ, ಒಳಗೆ ಗ್ಯಾಸಿನ ಮೇಲೆ ಮುದ್ದೆ ತೊಳಸಿ ಬಡಿಸಿದರು. "ಮುದ್ದೆ ಅಂದ್ರೆ ಇದು ನೋಡು!" ಎಂದು ಇವರು ಬಾಯಿ ಚಪ್ಪರಿಸಿದರು. ಸೊಸೆ ಸರಳಾ ನಗು ತಡೆಯಲಾರದೆ ಹೊರಗೆ ಓಡಿದಳು.

ಹೊಲವೆಲ್ಲ ಅಪಾರ್ಟ್‌ಮೆಂಟಿನವರ ಪಾಲಾದಾಗಲೂ ಒಂದು ತುಂಡನ್ನು ಮಾತ್ರ ಶ್ರೀರಾಮಪ್ಪನವರು ಬಿಟ್ಟುಕೊಡಲಿಲ್ಲ. ತಾತ, ಅಪ್ಪ, ಅವ್ವ ಮಣ್ಣಾದ ಜಾಗ ಅದು. ಅವ್ವನ ಎಡಗಡೆ ಸೊಣ್ಣಮ್ಮನಿಗೆ, ಅದರಾಚೆ ತಮಗೆ ಎಂದು ಗೊತ್ತುಮಾಡಿ ಕಲ್ಲು ಕೂಡ ನೆಟ್ಟಿದ್ದರು. ಪಿತೃಪಕ್ಷದಲ್ಲಿ ಅಲ್ಲಿ ಎಡೆ ಇಡುವಾಗಲೆಲ್ಲ ಹೆಂಡತಿಗೆ ಆ ಕಲ್ಲು ತೋರಿಸುವರು. ಸೊಣ್ಣಮ್ಮ ದೂರದ ನುಗ್ಗೆಮರದ ಕೆಳಗೆ ಹೋಗಿ ನಿಲ್ಲುವರು. ಹಿರಿಯರೆಂದರೆ ಎಂಥ ಭಯಭಕ್ತಿ ಎಂದು ಗಂಡನಿಗೆ ಹೆಮ್ಮೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸೊಣ್ಣಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಗ ಮಹೇಂದ್ರ ಹೆಬ್ಬಾಳದ ವಿದ್ಯುತ್ ಚಿತಾಗಾರದ ಮಾತೆತ್ತಿದ. ಶ್ರೀರಾಮಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು.

"ನಮ್ ವಂಶದಲ್ಲಿ ಯಾರ್ನಾದ್ರೂ ಸುಟ್ಟವ್ರೇನೋ? ಮೂರನೇ ದಿನ ಆಲುತುಪ್ಪ ಎಲ್ಲಿ ಬಿಡ್ತೀಯ? ಬಟನ್ ಒತ್ತಿ ಬೂದಿ ಮಾಡಕ್ಕೆ ಅವ್ಳೇನ್ ಕಸಾನಾ?"

ಮಹೇಂದ್ರ ಹೆಂಡತಿ ಸರಳಾಳ ಮುಖ ನೋಡಿದ. ಶ್ರೀರಾಮಪ್ಪನವರು ಗುದ್ದಲಿ ಹಿಡಿದು ಆ ಜಾಗಕ್ಕೆ ನಡೆದು, ಏದುಸಿರು ಬಿಡುತ್ತ ತಾವೇ ಗುಂಡಿ ಅಗೆಯತೊಡಗಿದರು.

ಸರಳಾ ಹಿಂದೆಯೇ ಬಂದಳು. "ಮಾವ, ಗುದ್ದಲಿ ಕೆಳಗಿಡಿ. ಇಲ್ಲಿ ಬೇಡ ಅಂತ ಅತ್ತೇನೇ ಹೇಳಿದ್ರು."

"ಸುಳ್ಳು!"

"ನನ್ ಮಕ್ಕಳಾಣೆಗೂ ನಿಜ ಮಾವ. ಆಸ್ಪತ್ರೇಲಿ ನನ್ ಕೈ ಹಿಡ್ಕೊಂಡು ಹೇಳಿದ್ರು. 'ಬದುಕಿರೋ ಗಂಟ ನಮ್ಮತ್ತೆ ಕೈಯಾಗೆ ಸಾಕುಸಾಕಾಗೋಯ್ತು. ಸತ್ಮ್ಯಾಲೂ ಅವ್ರ ಪಕ್ಕದಾಗೆ ಮಲಗಿಸ್ಬ್ಯಾಡ ಕಣಮ್ಮ. ನಿಮ್ ಮಾವಂಗೆ ನಾನ್ ಏಳಲಾರೆ, ನೀನೇ ಏಳು' ಅಂದ್ರು."

ಶ್ರೀರಾಮಪ್ಪನವರು ಗುದ್ದಲಿ ಬಿಟ್ಟು ಗುಂಡಿಯ ಅಂಚಿನಲ್ಲಿ ಕೂತರು. ಅಂಗಲಾಚುವ ದನಿಯಲ್ಲಿ, "ಅಂಗಾದ್ರೆ ಇವ್ಳು ಆಚೆ ಕಡೆ ಇರ್ಲಿ. ಅವರಿಬ್ಬರ ಮಧ್ಯೆ ನಾನಿರ್ತೀನಿ ಬಿಡಮ್ಮ" ಎಂದರು.

ಆಡಿದ ಮಾತು ಅವರಿಗೇ ಚುಚ್ಚಿತು. ಅವ್ವ ಸೊಣ್ಣಮ್ಮನ ಮುಂದಿನ ತಟ್ಟೆ ಕಿತ್ತು ಅಂಗಳಕ್ಕೆಸೆದ ದಿನ, ಇದೇ ಶ್ರೀರಾಮಪ್ಪ ತಲೆಯೆತ್ತದೆ ಉಂಡು, ಕೈತೊಳೆದು ಡ್ಯೂಟಿಗೆ ಹೊರಟಿದ್ದರು. ಅದು ಒಂದು ದಿನದ ಕಥೆಯಲ್ಲ. ಅದೆಲ್ಲ ಈಗ ಒಟ್ಟಿಗೇ ನೆನಪಿಗೆ ಬಂತು. ಅಯ್ಯೋ, ಆ ಕಲ್ಲನ್ನು ಪ್ರತಿವರ್ಷ ಎಷ್ಟು ಸಂಭ್ರಮದಿಂದ ತೋರಿಸಿದ್ದರು!

ಅಗೆದ ಮಣ್ಣನ್ನು ಅವರೇ ಮತ್ತೆ ಗುಂಡಿಗೆ ಎಳೆದರು. ಸಂಜೆ ಹೆಬ್ಬಾಳದಲ್ಲಿ ಕಬ್ಬಿಣದ ಬಾಗಿಲು ತೆರೆಯುವವರೆಗೂ ಹೆಂಡತಿಯ ಕಾಲು ಹಿಡಿದುಕೊಂಡೇ ಇದ್ದರು.

ಮೂರನೇ ದಿನ ಹಾಲುತುಪ್ಪವನ್ನು ನುಗ್ಗೆಮರದ ಬುಡಕ್ಕೆ ಬಿಟ್ಟರು. ವಾಪಸು ಬರುವಾಗ ಮಹೇಂದ್ರ ಆ ಕಲ್ಲಿನ ಹತ್ತಿರ ನಿಂತು, "ಅಪ್ಪ, ನಿನ್ ಜಾಗ ಹಂಗೇ ಇರ್ಲಿ ಅಲ್ವಾ?" ಎಂದು ಮೆಲ್ಲಗೆ ಕೇಳಿದ.

"ಬ್ಯಾಡ. ಅವ್ಳು ಓದ ಕಡೀಕೇ ನನ್ನೂ ತಗೊಂಡೋಗು," ಎಂದರು ಶ್ರೀರಾಮಪ್ಪನವರು. "ಅವ್ವನ್ ಪಕ್ಕದಲ್ಲಿ ಅಪ್ಪ ಅವ್ರೆ. ಇವ್ಳ ಪಕ್ಕದಲ್ಲಿ ಯಾರವ್ರೆ?"