ಆಯಿ ಕೇಳಿದ್ದ ಒಪ್ಪಿಗೆ

ಅಪ್ಪ ತೀರಿಕೊಂಡು ಎಂಟು ವರ್ಷವಾದ ಮೇಲೆ ಆಯಿ ನನ್ನ ಹತ್ತಿರ ಒಂದು ಒಪ್ಪಿಗೆ ಕೇಳಿದಳು. ಅವಳಿಗಾಗ ಅರವತ್ತೊಂದು. ಅಪ್ಪ ಕುಮಟೆಯಲ್ಲಿ ಸ್ವಂತ ಆಸ್ಪತ್ರೆ ಇಟ್ಟಿದ್ದ ಡಾಕ್ಟರು. ಅವರು ಹೋದ ಮೇಲೂ ಊರಿಗೆಲ್ಲ ಆಯಿ ಡಾಕ್ಟರಮ್ಮನೇ. ನನ್ನನ್ನು ಕೊಟ್ಟದ್ದು ಭಟ್ಕಳದ ದೊಡ್ಡ ಜವಳಿ ವ್ಯಾಪಾರಿಗಳ ಮನೆಗೆ. ಎರಡೂ ಮನೆಗಳಲ್ಲಿ ಯಾವ ಮಾತು ಎತ್ತಿದರೂ ಮೊದಲು ಬರುತ್ತಿದ್ದ ಪ್ರಶ್ನೆ ಒಂದೇ: ಜನ ಏನಂದಾರು?

ಆ ದಿನ ಆಯಿಯನ್ನು ನಮ್ಮಲ್ಲಿಂದ ಕುಮಟೆಗೆ ಬಿಡಲು ನಾನೇ ಕಾರು ಓಡಿಸುತ್ತಿದ್ದೆ. ಶಿರಾಲಿ ದಾಟಿದ ಮೇಲೆ ಅವಳು, "ಹೊಳನಗದ್ದೆ ಮೇಷ್ಟ್ರು ಗೊತ್ತಲ ನಿಂಗೆ?" ಎಂದಳು.

ಗೊತ್ತಿತ್ತು. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೆಳಿಗ್ಗೆ ಕಡಲ ದಂಡೆಯಲ್ಲಿ ವಾಕಿಂಗ್ ಹೋಗುವವರ ಗುಂಪಿನಲ್ಲಿ ಆಯಿಗೆ ಪರಿಚಯವಾಗಿದ್ದರು.

"ಮದುವೆ ಆಗುವಾ ಅಂದ್ರು. ನಂಗೂ ಮನಸ್ಸಿದೆ. ರಿಜಿಸ್ಟರ್ ಆಫೀಸಿಗೆ ಹೋಗಿ ಸಹಿ ಹಾಕಿ ಬರುದು, ಅಷ್ಟೇ. ನೀನು ಹೂಂ ಅಂದ್ರೆ ಆತು."

"ನಿಂಗೆ ಎಂತ ಕಮ್ಮಿ ಆಗಿದೆ ಆಯಿ?"

"ಡಾಕ್ಟರಮ್ಮನ ಹತ್ರ ಎಲ್ರೂ ಮಾತಾಡ್ತಾರೆ. ನನ್ನ ಹತ್ರ ಮಾತಾಡುದು ಅವ್ರೊಬ್ರೇ."

ನನ್ನ ಮಗಳಿಗೆ ಹೊನ್ನಾವರದ ಹೆಸರಿರುವ ಮನೆತನದಿಂದ ಸಂಬಂಧ ಬಂದಿದ್ದ ಹೊತ್ತದು. ಹುಡುಗಿಯ ಅಜ್ಜಿಗೂ ಮದುವೆಯಂತೆ ಎಂದು ಅವರೆಲ್ಲ ನಗುವುದು, ಅದು ನನ್ನ ಅತ್ತೆಯ ಕಿವಿಗೆ ಬೀಳುವುದು, ಎಲ್ಲವೂ ಕಣ್ಣೆದುರು ಬಂತು. ನಾಚಿಕೆಯೆನಿಸಿತು.

"ಮಗಳ ಮದುವೆ ಒಂದು ಮುಗೀಲಿ. ಆಮೇಲೆ ನೋಡುವಾ," ಎಂದೆ.

"ಆತು," ಎಂದಳು ಆಯಿ. ಶರಾವತಿ ಸೇತುವೆ ದಾಟುವಾಗ ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಮಗಳ ಮದುವೆಗೆ ಮೇಷ್ಟರೂ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ದೂರದಿಂದಲೇ ಆಯಿಗೆ ಕೈ ಮುಗಿದರು. ಬೇರೆಯವರಿಗೆ ಮುಗಿದ ಹಾಗೆಯೇ ಆಯಿಯೂ ಮುಗಿದಳು. ಎರಡನೇ ಪಂಕ್ತಿಯಲ್ಲಿ ಊಟ ಮಾಡಿ ಅವರು ಹೊರಟಾಗ ನನಗೆ ಉಸಿರು ಬಂದಂತಾಯಿತು. ಮರುವರ್ಷ ಆಯಿ ಮತ್ತೆ ಕೇಳಿದಾಗ ಮಗಳು ಬಸುರಿ. ಬಾಣಂತನ ಮುಗಿಯಲಿ ಎಂದೆ. ಮೂರನೆಯ ಸಲ ಅವಳು ಕೇಳಲಿಲ್ಲ. ನಾನೂ ಎತ್ತಲಿಲ್ಲ. ಮರೆತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ಬೆಳಿಗ್ಗೆ ಅವಳ ಫೋನು ಬಂತು. "ಮೇಷ್ಟ್ರು ಹೋದ್ರು. ಹಾರ್ಟ್ ಅಂತೆ. ನಂಗೆ ಒಬ್ಳಿಗೇ ಹೋಗುಕೆ ಆಗುದಿಲ್ಲ. ನೀನು ಬಾ."

ಹೊಳನಗದ್ದೆಯಲ್ಲಿ ಮೇಷ್ಟರ ಮನೆಯ ಅಂಗಳದ ತುಂಬ ಜನ. ಬದಿಯಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಮೇಷ್ಟರ ತಮ್ಮನ ಹೆಂಡತಿ ಹತ್ತಿರ ಬಂದು, "ನೀವು ಎಂತ ಆಗ್ಬೇಕು ಅವ್ರಿಗೆ?" ಎಂದು ಕೇಳಿದರು.

"ಪರಿಚಯದವ್ರು," ಎಂದಳು ಆಯಿ.

ಬಾಯಿಗೆ ತುಳಸಿ ನೀರು ಬಿಡಲು ಮನೆಯವರನ್ನು ಕರೆದರು. ಒಬ್ಬೊಬ್ಬರೇ ಹೋದರು. ಆಯಿ ಕುರ್ಚಿಯಿಂದ ಅರ್ಧ ಎದ್ದು ನನ್ನ ಮುಖ ನೋಡಿದಳು. ನಾನು ಕಾರಿನ ಕೀಲಿಯನ್ನು ನೋಡುತ್ತ ಕೂತಿದ್ದೆ. ಅವಳು ಮತ್ತೆ ಕೂತಳು.

ಮೂರು ತಿಂಗಳ ನಂತರ ಕುಮಟೆಯ ಮಹಿಳಾ ಸಂಘವೊಂದು ಆಯಿಗೆ ಸನ್ಮಾನ ಮಾಡಿತು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಗಂಡನ ನೆನಪೊಂದರಲ್ಲೇ ಬಾಳಿದವರು ಎಂದು ಅಧ್ಯಕ್ಷೆ ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಯಿ ಮೈಕಿನ ಮುಂದೆ ನಮಸ್ಕಾರ ಎಂದಷ್ಟೇ ಹೇಳಿ ಕೂತಳು.

ಮನೆಗೆ ಬಿಡುವಾಗ ನನಗೆ ತಡೆಯಲಾಗಲಿಲ್ಲ. "ಆಯಿ, ನನ್ನಿಂದ ತಪ್ಪಾತು," ಎಂದೆ.

"ಹೌದು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸನ್ಮಾನದ ಶಾಲನ್ನು ಮಡಚುತ್ತ ಹೇಳಿದಳು: "ನಂದೂ ತಪ್ಪೇ. ನಿನ್ನ ಹತ್ರ ಕೇಳುದೇ ಬೇಡಾಗಿತ್ತು."

ಅಲ್ಲಿಂದೀಚೆಗೆ ಅವಳು ನನ್ನ ಹತ್ತಿರ ಏನನ್ನೂ ಕೇಳಿಲ್ಲ. ಕಳೆದ ತಿಂಗಳು ಕಣ್ಣಿನ ಆಪರೇಷನ್ನಿಗೂ ಒಬ್ಬಳೇ ಹೋಗಿ ಬಂದಳಂತೆ. ನನಗೆ ಹೇಳಿದ್ದು ಪಕ್ಕದ ಮನೆಯವರು.