ಶೇವಂತಾಬಾಯಿಗೆ ಎರಡನೇ ಸೂಜಿ

ಭಾಲ್ಕಿ ಡಿಪೋದ ಕಾಶೀರಾಮ ಇಪ್ಪತ್ತೆರಡು ವರ್ಷ ಮುಂಬೈ ಬಸ್ಸು ಓಡಿಸಿದ. ಅಷ್ಟು ವರ್ಷದಲ್ಲಿ ಒಂದು ಮೇಕೆಗೂ ಗಾಡಿ ತಾಕಿಸಿದವನಲ್ಲ. ಇದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಅವನ ಹೆಂಡತಿ ಶೇವಂತಾಬಾಯಿ ಮಾತ್ರ ಒಮ್ಮೆಯೂ ಸಮುದ್ರ ನೋಡಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ, ಆ ಕೆಲಸ ಶೇವಂತಾಬಾಯಿಯೇ ಮಾಡುತ್ತಿದ್ದಳು.

ಪ್ರತಿ ವರ್ಷ ಡಿಸೆಂಬರ್ ಆರಕ್ಕೆ ದಾದರಿನ ಚೈತ್ಯಭೂಮಿಗೆಂದು ಭಾಲ್ಕಿಯಿಂದ ವಿಶೇಷ ಬಸ್ಸು ಹೊರಡುತ್ತಿತ್ತು. ಓಡಿಸುವವನು ಕಾಶೀರಾಮನೇ. ಓಣಿಯ ಹೆಂಗಸರೆಲ್ಲ ಬಿಳಿ ಸೀರೆ ಉಟ್ಟು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹತ್ತುತ್ತಿದ್ದರು. ಬಾಬಾಸಾಹೇಬರ ಸಮಾಧಿಗೆ ಕೈಮುಗಿದು, ಅಲ್ಲೇ ಬೆನ್ನಿಗಿರುವ ಸಮುದ್ರದಲ್ಲಿ ಕಾಲು ತೋಯಿಸಿಕೊಂಡು ಬಂದು ತಿಂಗಳುಗಟ್ಟಲೆ ಅದನ್ನೇ ಮಾತಾಡುತ್ತಿದ್ದರು. ಶೇವಂತಾಬಾಯಿ ಹೋಗುವಂತಿರಲಿಲ್ಲ. ಕಾಶೀರಾಮನ ತಾಯಿ ಹಾಸಿಗೆ ಹಿಡಿದಿದ್ದಳು, ಅದೂ ಒಂದೆರಡು ವರ್ಷವಲ್ಲ, ಹದಿನಾಲ್ಕು ವರ್ಷ. ಅತ್ತೆ ಹೋದ ಮೇಲೆ ಮಗಳು ಮಹಾಮಾಯಾಳ ಓದು, ಆಮೇಲೆ ಅವಳ ಮದುವೆ, ಬಾಣಂತನ. ಹೀಗೆ ಊರಿನ ಹೆಂಗಸರನ್ನೆಲ್ಲ ಸಮುದ್ರಕ್ಕೆ ಮುಟ್ಟಿಸಿದ ಡ್ರೈವರನ ಹೆಂಡತಿ ಮನೆಯಲ್ಲೇ ಉಳಿದಳು. ಒಂದು ವರ್ಷ ಅವನು ನಾಚಿಕೆಪಟ್ಟುಕೊಂಡು ನೀರಿನ ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಸಿಕೊಂಡು ಬಂದ. ಅವಳು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಇಷ್ಟ ಉಪ್ಪು ಇದ್ದೂ ಒಂದು ಪಲ್ಯಕ್ಕ ಉಪಯೋಗ ಇಲ್ಲೇನ್ರಿ ಇದು?" ಎಂದಳು. ಆದರೆ ಚೆಲ್ಲಲಿಲ್ಲ. ಬಾಟಲಿ ಅಡಿಗೆಮನೆಯ ಗೋಡೆಗೂಡಿನಲ್ಲಿ ಎಣ್ಣೆ ಡಬ್ಬಿಯ ಪಕ್ಕ ಕೂತಿತು.

ನಿವೃತ್ತಿಯಾದ ಮರುವಾರ ಕಾಶೀರಾಮ ಬೀದರಿನ ನೌಬಾದಕ್ಕೆ ಹೋದ. ಅಲ್ಲಿ ಸಾಜಿದನ ಟ್ರಾವೆಲ್ಸ್ ಅಂಗಡಿ ಇತ್ತು. ಸಾಜಿದನ ಅಪ್ಪ, ತೀರಿಹೋದ ಫಕ್ರೋದ್ದೀನ, ಕಾಶೀರಾಮನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವನು. ಹಾಗಾಗಿ ಸಾಜಿದನಿಗೆ ಇವನು ಕಾಕಾ. ಜನರನ್ನು ಉಮ್ರಾಕ್ಕೂ ಶಿರಡಿಗೂ ಒಂದೇ ಉಮೇದಿನಿಂದ ಕಳಿಸುತ್ತಿದ್ದ ಸಾಜಿದ ಮೊಬೈಲಿನಲ್ಲಿ ಒಂದು ಹಡಗು ತೋರಿಸಿದ. ಮುಂಬೈಯಲ್ಲಿ ಹತ್ತಿಸಿಕೊಂಡು, ಮೂರು ದಿನ ಸಮುದ್ರದಲ್ಲಿ ತಿರುಗಾಡಿಸಿ, ಮತ್ತೆ ಮುಂಬೈಯಲ್ಲೇ ಇಳಿಸುತ್ತದೆ. ಕಾಶೀರಾಮ ಅದನ್ನು ಎರಡು ಸಲ ನೋಡಿದ.

"ದಂಡಿಗಿ ಯಾಕ ಒಯ್ಲಿ ಆಕಿನ್ನ? ನಡು ನೀರಿಗೇ ಒಯ್ತೀನಿ," ಎಂದ.

ಟಿಕೆಟ್ಟು ಆಗಿದ್ದು ಎರಡು ಸಾವಿರದ ಇಪ್ಪತ್ತರ ಏಪ್ರಿಲಿಗೆ. ಆ ಏಪ್ರಿಲಿನಲ್ಲಿ ಬಸ್ಸೂ ಓಡಲಿಲ್ಲ, ರೈಲೂ ಓಡಲಿಲ್ಲ, ಹಡಗಿನ ಮಾತು ಎಲ್ಲಿಂದ ಬಂತು. ಟಿಕೆಟ್ಟು ಹಾಗೇ ಇರಲಿ, ಮುಂದಿನ ತಾರೀಖು ಕೊಡುತ್ತೇವೆ ಎಂದು ಕಂಪನಿ ತಿಳಿಸಿತು. ಕೊಟ್ಟ ತಾರೀಖು ಮತ್ತೊಮ್ಮೆ ಮುಂದೆ ಹೋಯಿತು. ಮತ್ತೊಮ್ಮೆ ಬಂದಾಗ ಅದರ ಬೆನ್ನಿಗೆ ನಿಯಮಗಳ ಮೆರವಣಿಗೆಯೇ ಬಂತು. ಮೊದಲು ಜ್ವರ ನೋಡಿ ಹತ್ತಿಸುತ್ತೇವೆ ಅಂದರು. ಆಮೇಲೆ ಒಂದು ಸೂಜಿಯಾದರೂ ಆಗಿರಬೇಕು ಅಂದರು. ಕಡೆಗೆ ಎರಡೂ ಸೂಜಿ ಆಗಿರಬೇಕು, ಎರಡನೆಯದು ಆಗಿ ಹದಿನಾಲ್ಕು ದಿನ ಕಳೆದಿರಬೇಕು, ಅದರ ಮೇಲೆ ಹತ್ತುವ ಎರಡು ದಿನದೊಳಗಿನ ಮೂಗಿನ ಪರೀಕ್ಷೆಯ ಚೀಟಿಯೂ ಬೇಕು ಅಂದರು. ನೀರಿನ ಮೇಲೆ ಇರುವವರು, ಅವರ ಮಾತೂ ಅಲುಗಾಡುತ್ತಲೇ ಇತ್ತು. ಅವರನ್ನಾದರೂ ಏನೆನ್ನುವುದು? ನಡು ಸಮುದ್ರದಲ್ಲಿ ಒಬ್ಬನಿಗೆ ಬೇನೆ ಬಂದರೆ ಎಲ್ಲಿ ಇಳಿಸುತ್ತಾರೆ? ಆದರೆ ಭಾಲ್ಕಿಯ ಓಣಿಯಲ್ಲಿ ಕೂತು ಹಡಗಿಗೆ ಕಾಯುವ ಹೆಂಗಸಿಗೆ ಇದೆಲ್ಲ ಯಾರು ತಿಳಿಸಿ ಹೇಳಬೇಕು?

ಕಾಶೀರಾಮ ತನ್ನ ಎರಡೂ ಸೂಜಿ ಮುಗಿಸಿಕೊಂಡಿದ್ದ. ಶೇವಂತಾಬಾಯಿ ಸೂಜಿಯೆಂದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಊರಿನಲ್ಲಿ ಏನೇನೋ ಸುದ್ದಿ ಇದ್ದವು ನಿಜ. ಅವಳಿಗೆ ಸುದ್ದಿಯ ಹೆದರಿಕೆ ಇರಲಿಲ್ಲ, ಸೂಜಿಯ ಮೊನೆಯದೇ ಹೆದರಿಕೆ. ಇಪ್ಪತ್ತೊಂದರ ಡಿಸೆಂಬರ್ ಹದಿನೇಳಕ್ಕೆ ಹಡಗು ಖಂಡಿತ ಹೊರಡುತ್ತದೆಂದು ಸಾಜಿದ ಫೋನು ಮಾಡಿದ ಮೇಲೆ ಅವಳು ತಾನಾಗಿಯೇ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

"ಗೇರ್ ಹಿಡದಂಗ ಗಟ್ಟಿ ಹಿಡೀರಿ ನನ್ನ ಕೈ," ಎಂದಳು. ಅವನು ಹಾಗೇ ಹಿಡಿದುಕೊಂಡ. ಅದು ಸೆಪ್ಟೆಂಬರ್ ಒಂದು. ಎರಡನೆಯದಕ್ಕೆ ಎಂಬತ್ನಾಲ್ಕು ದಿನ ಎಂದರು. ಮನೆಗೆ ಬಂದವಳೇ ಗೋಡೆಯ ಕ್ಯಾಲೆಂಡರಿನಲ್ಲಿ ನವೆಂಬರ್ ಇಪ್ಪತ್ನಾಲ್ಕಕ್ಕೆ ಕುಂಕುಮದ ಬೊಟ್ಟು ಇಟ್ಟಳು. ಡಿಸೆಂಬರ್ ಹದಿನೇಳಕ್ಕೆ ಇನ್ನೂ ದೊಡ್ಡದೊಂದು ಬೊಟ್ಟು. ಆ ಮೂರು ತಿಂಗಳು ಅವಳು ಅಷ್ಟು ಹಗುರವಾಗಿ ಓಡಾಡಿದ್ದನ್ನು ಅವನು ಮದುವೆಯಾದ ಹೊಸದರಲ್ಲೂ ಕಂಡಿರಲಿಲ್ಲ. ಹಡಗಿನಲ್ಲಿ ಉಡಲು ಎರಡು ಸೀರೆ ತೆಗೆದಿಟ್ಟಳು. ಅಲ್ಲಿನ ಅಡಿಗೆ ಸೇರದಿದ್ದರೆ ಎಂದು ಚಟ್ನಿಪುಡಿಯ ಡಬ್ಬಿಯನ್ನೂ ತೊಳೆದಿಟ್ಟಳು.

ನವೆಂಬರ್ ಹದಿನೆಂಟಕ್ಕೆ ಅವಳಿಗೆ ಮೈ ಬೆಚ್ಚಗಾಯಿತು.

ಆಗ ಊರಿನಲ್ಲಿ ಬೇನೆಯ ಮಾತೇ ಕಡಿಮೆಯಾಗಿತ್ತು, ಮಾಸ್ಕು ಗದ್ದಕ್ಕೆ ಇಳಿದಿತ್ತು. ಆದರೂ ಇಬ್ಬರಿಗೂ ಒಂದೇ ಯೋಚನೆ ಬಂತು, ಯಾಕೆಂದರೆ ಪಕ್ಕದ ಮನೆಯ ಅಜೀಜಾ ಬೇಗಂಳ ಸಂಗತಿ ಇಬ್ಬರಿಗೂ ಗೊತ್ತಿತ್ತು. ಅವಳಿಗೆ ಪರೀಕ್ಷೆಯಲ್ಲಿ ಬೇನೆ ಇದೆಯೆಂದು ಬಂದಿದ್ದರಿಂದ ಎರಡನೇ ಸೂಜಿಯನ್ನು ಮೂರು ತಿಂಗಳು ಮುಂದೆ ಹಾಕಿದ್ದರು. ಶೇವಂತಾಬಾಯಿಯದು ಮೂರು ತಿಂಗಳು ಮುಂದೆ ಹೋದರೆ ಹಡಗು ಹೋದಂತೆಯೇ.

"ಸುಮ್ಮ ನೆಗಡಿ ಅದ್ರಿ. ಇಪ್ಪತ್ನಾಕಕ್ಕ ಸೂಜಿ ಆಗಿಬಿಡ್ಲಿ," ಎಂದಳು.

ಕಾಶೀರಾಮ ಹೂಂ ಅಂದ. ಶುಂಠಿ ಕುದಿಸಿ ಕೊಟ್ಟ, ಜ್ವರದ ಗುಳಿಗೆ ತಂದ. ಮಹಾಮಾಯಾ ಔರಾದಿನಲ್ಲಿ ಸಾಲಿ ಟೀಚರು. ದಿನಾ ಬೆಳಿಗ್ಗೆ ಫೋನು ಮಾಡುವವಳು ತಾಯಿಯ ದನಿ ಕೇಳಿಯೇ ಗುರುತು ಹಿಡಿದಳು. ಪರೀಕ್ಷೆ ಮಾಡಿಸಿ ಬಾಬಾ ಎಂದಳು, ಮರುದಿನವೂ ಅದನ್ನೇ ಹೇಳಿದಳು. ಮೂರನೇ ದಿನ, ಇವತ್ತು ಮಾಡಿಸದಿದ್ದರೆ ನಾನೇ ರಜೆ ಹಾಕಿ ಬರುತ್ತೇನೆ ಎಂದು ಹಟ ಹಿಡಿದಳು.

"ಮಾಡ್ಸೀವಿ ಮಗಳ. ಏನೂ ಇಲ್ಲಂತ ಬಂದದ," ಎಂದ ಕಾಶೀರಾಮ.

ಇಪ್ಪತ್ತೆರಡು ವರ್ಷದ ರಸ್ತೆಯಲ್ಲಿ ಒಂದೂ ತಪ್ಪು ಮಾಡದವನು ಮನೆಯಲ್ಲಿ ನಿಂತು ಈ ಒಂದು ಮಾತು ಆಡಿದ. ಮಂಚದ ಮೇಲಿಂದ ಶೇವಂತಾಬಾಯಿ ಅವನತ್ತ ನೋಡಿ ನಕ್ಕಳು. ಸಣ್ಣ ಮಕ್ಕಳು ಸೇರಿ ಕಳ್ಳತನ ಮಾಡಿದಾಗ ನಗುತ್ತಾರಲ್ಲ, ಹಾಗೆ. ಆ ನಗು ಇವತ್ತಿಗೂ ಅವನಿಗೆ ಊಟ ಮಾಡಗೊಡುವುದಿಲ್ಲ.

ಇಪ್ಪತ್ಮೂರನೆಯ ತಾರೀಖು ಬೆಳಿಗ್ಗೆ ಅವಳಿಗೆ ಅಡಿಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು ಬಂತು. ಕಾರು ಮಾಡಿಕೊಂಡು ಬೀದರಿಗೆ ಒಯ್ದ. ಅಲ್ಲಿ ಮೂಗಿಗೆ ಕಡ್ಡಿ ಹಾಕಿದರು, ಇದೆ ಅಂದರು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂದರು. ಡಾಕ್ಟರರು ಮಾಡುವುದನ್ನೆಲ್ಲ ಮಾಡಿದರು. ಸೂಜಿಗೆ ಹೆದರುತ್ತಿದ್ದವಳ ಕೈ ತುಂಬ ಸೂಜಿ ಚುಚ್ಚಿದರು. ಹಿಡಿದುಕೊಳ್ಳಲು ಅವನನ್ನು ಒಳಗೆ ಬಿಡಲಿಲ್ಲ. ಇಪ್ಪತ್ತೈದರಂದು ಮಧ್ಯಾಹ್ನ ಶೇವಂತಾಬಾಯಿ ತೀರಿಕೊಂಡಳು.

ಮಣ್ಣಿಗೆ ಬಂದವರು ನಾಲ್ಕಾರು ಜನ. ಮಹಾಮಾಯಾ ಅತ್ತು ಅತ್ತು, ಪರೀಕ್ಷೆಯಲ್ಲಿ ಇಲ್ಲ ಅಂತ ಬಂದಿತ್ತಲ್ಲ, ಹೇಗೆ ಇಲ್ಲ ಅಂತ ಬಂತು ಎಂದು ಮತ್ತೆ ಮತ್ತೆ ಕೇಳಿದಳು. ಒಮ್ಮೊಮ್ಮೆ ಪರೀಕ್ಷೆಯೂ ತಪ್ಪು ತೋರಿಸುತ್ತದೆಂದು ಯಾರೋ ಸಮಾಧಾನ ಹೇಳಿದರು. ಕಾಶೀರಾಮ ತಲೆ ಎತ್ತಲಿಲ್ಲ. ಮಗಳು ಐದನೇ ದಿನ ಔರಾದಿಗೆ ವಾಪಸು ಹೋದಳು, ತನ್ನ ಜೊತೆ ಬಾ ಎಂದರೂ ಅವನು ಹೋಗಲಿಲ್ಲ.

ಡಿಸೆಂಬರ್ ಎರಡರಂದು ಅವನ ಮೊಬೈಲಿಗೆ ಒಂದು ಸಂದೇಶ ಬಂತು. ಇಬ್ಬರ ಹೆಸರೂ ಆ ಒಂದೇ ನಂಬರಿನಲ್ಲಿದ್ದವು. ಶೇವಂತಾಬಾಯಿಯವರೇ, ನಿಮಗೆ ಎರಡನೇ ಡೋಸು ಯಶಸ್ವಿಯಾಗಿ ಹಾಕಲಾಗಿದೆ, ಪ್ರಮಾಣಪತ್ರ ಪಡೆದುಕೊಳ್ಳಿ ಎಂದಿತ್ತು. ಅವನು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದ. ಎಲ್ಲೋ ಯಾರೋ ಬಾಕಿ ಉಳಿದವರ ಪಟ್ಟಿ ಮುಗಿಸುವ ಅವಸರದಲ್ಲಿ ಅವಳ ಹೆಸರಿಗೂ ಗೀಟು ಎಳೆದಿದ್ದರು. ಬದುಕಿದ್ದಾಗ ಎಂಬತ್ನಾಲ್ಕು ದಿನ ಕಾದರೂ ಆಗದ ಸೂಜಿ ಸತ್ತ ಏಳು ದಿನಕ್ಕೆ ಆಗಿಹೋಗಿತ್ತು. ಹೋಗಿ ಜಗಳಾಡಬೇಕು ಎಂದು ಅವನು ಅಂಗಿಯನ್ನೂ ತೊಟ್ಟ. ಹೋದರೆ ಅವರು ಕೇಳುತ್ತಾರೆ: ಯಾವಾಗ ತೀರಿಕೊಂಡರು, ಏನಾಗಿತ್ತು, ಮೊದಲೇ ಯಾಕೆ ಪರೀಕ್ಷೆ ಮಾಡಿಸಲಿಲ್ಲ. ಅಂಗಿ ಕಳಚಿ ಗೂಟಕ್ಕೆ ಹಾಕಿದ.

ಎರಡು ದಿನ ಬಿಟ್ಟು ಸಾಜಿದ ಫೋನು ಮಾಡಿದ. ಅವನಿಗೆ ಏನೂ ಗೊತ್ತಿರಲಿಲ್ಲ. ಭಾಲ್ಕಿಯ ಸುದ್ದಿ ನೌಬಾದಕ್ಕೆ ಮುಟ್ಟಿಸುವವರು ಯಾರು? ಇಬ್ಬರ ಪ್ರಮಾಣಪತ್ರ ತೆಗೆಯಬೇಕು, ಫೋನಿಗೆ ಒಂದು ನಂಬರ್ ಬರುತ್ತದೆ ಹೇಳಿ ಎಂದ. ಕಾಶೀರಾಮ ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ.

"ಕಾಕು ಆರಾಮ ಅದಾರ್ರಿ ಕಾಕಾ?"

ಒಂಬತ್ತು ದಿನದಿಂದ ಎಲ್ಲರೂ ಅವಳನ್ನು ಇದ್ದಳು, ಮಾಡುತ್ತಿದ್ದಳು, ಅನ್ನುತ್ತಿದ್ದಳು ಎಂದೇ ಮಾತಾಡಿದ್ದರು. ಅವಳು ಇದ್ದಾಳೆ ಎಂದುಕೊಂಡಿರುವ ಒಬ್ಬ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಇದ್ದ. ಅವನನ್ನು ಕಳೆದುಕೊಳ್ಳಲು ಕಾಶೀರಾಮನಿಗೆ ಮನಸ್ಸಾಗಲಿಲ್ಲ.

"ಅದಾಳ," ಎಂದ. ಆಮೇಲೆ ನಂಬರನ್ನೂ ಹೇಳಿದ.

ಕಂಪನಿಯವರು ಕಾಗದ ನೋಡಿ ಇಬ್ಬರೂ ಸರಿ ಇದ್ದಾರೆ ಎಂದು ಒಪ್ಪಿದರಂತೆ. ಡಿಸೆಂಬರ್ ಎರಡರಿಂದ ಎಣಿಸಿದರೆ ಹದಿನಾರಕ್ಕೆ ಹದಿನಾಲ್ಕು ದಿನ ಮುಗಿಯುತ್ತದೆ, ಹದಿನೇಳಕ್ಕೆ ಹಡಗು, ನಿಮ್ಮ ನಸೀಬು ಭಾಳ ಛಲೋ ಅದ ಎಂದು ಸಾಜಿದ ಖುಷಿಪಟ್ಟ. ಉಳಿದಿದ್ದು ಮೂಗಿನ ಪರೀಕ್ಷೆ ಒಂದೇ. ಹದಿನೈದರ ಮಧ್ಯಾಹ್ನ ಲ್ಯಾಬಿನ ಜುಲ್ಫೀಕಾರನನ್ನು ಅಂಗಡಿಗೇ ಕರೆಸುತ್ತೇನೆ, ಕಾಕೂನ ಕರೆದುಕೊಂಡು ಬನ್ನಿ ಎಂದ.

ಹದಿನೈದಕ್ಕೆ ಕಾಶೀರಾಮ ಒಬ್ಬನೇ ಬೀದರ ಬಸ್ಸು ಹತ್ತಿದ. ಫೋನಿನಲ್ಲಿ ಹೇಳಲಾಗದ್ದನ್ನು ಎದುರಿಗೆ ಕೂತು ಹೇಳಿ ಟಿಕೆಟ್ಟು ರದ್ದು ಮಾಡಿಸುವುದು ಅವನ ಲೆಕ್ಕ. ಓಡಿಸುತ್ತಿದ್ದ ಹುಡುಗ ಗುರುತು ಹಿಡಿದು ನಮಸ್ಕಾರ ಮಾಡಿದ. ದಾರಿಯುದ್ದಕ್ಕೂ ಕಾಶೀರಾಮ ಒಂದೇ ಮಾತನ್ನು ಬಾಯೊಳಗೆ ತಿರುವಿ ಹಾಕಿದ, ಸಾಜಿದ, ನಿನ್ನ ಕಾಕು ಇಲ್ಲಪ್ಪ. ನೌಬಾದದಲ್ಲಿ ಇಳಿಯುವ ಹೊತ್ತಿಗೆ ಆ ಮಾತು ಬಾಯಿಪಾಠವಾಗಿತ್ತು.

ಅಂಗಡಿಯ ಮೇಜಿನ ಮೇಲೆ ಹಡಗಿನ ಕಾಗದಗಳು ಹರಡಿದ್ದವು. ಒಂದರ ಮೇಲೆ ಅವನ ಫೋಟೋ, ಇನ್ನೊಂದರ ಮೇಲೆ ಅವಳದು. ಆಧಾರಿಗೆಂದು ತೆಗೆಸುವಾಗ ಕಣ್ಣು ಅಗಲಿಸಿಕೊಂಡು ಕೂತಿದ್ದ ಅದೇ ಫೋಟೋ. ಸಾಜಿದ ಯಾರದೋ ಫೋನಿನಲ್ಲಿದ್ದ, ಕೈಸನ್ನೆಯಲ್ಲೇ ಕೂರಲು ಹೇಳಿದ. ಜುಲ್ಫೀಕಾರ ಇನ್ನೂ ಐದು ಕಡೆ ಹೋಗಬೇಕಾದವನು, ಕೈಗವಸು ಹಾಕಿಕೊಂಡೇ ನಿಂತಿದ್ದ. ಮಾಸ್ಕು ಇಳಿಸಿ, ತಲೆ ಹಿಂದಕ್ಕೆ ಮಾಡಿ ಎಂದ. ಇಪ್ಪತ್ತೆರಡು ವರ್ಷ ಸೀಟಿ ಕೇಳಿದ ಕೂಡಲೇ ಗಾಡಿ ನಿಲ್ಲಿಸಿದ ಮನುಷ್ಯ ಹೇಳಿದಂತೆ ಮಾಡಿದ. ಕಡ್ಡಿ ಮೂಗಿನೊಳಗೆ ಹೋಯಿತು, ಸ್ವಲ್ಪ ಚುರುಗುಟ್ಟಿತು, ಕಣ್ಣಲ್ಲಿ ನೀರು ಬಂತು, ಕಡ್ಡಿ ಹೊರಗೆ ಬಂತು. ಜುಲ್ಫೀಕಾರ ಅದನ್ನು ನಳಿಕೆಯೊಳಗೆ ಮುರಿದು ಹಾಕಿ ಮುಚ್ಚಳ ತಿರುವಿದ.

"ಇಷ್ಟೇ ಏನ್ರಿ?" ಎಂದ ಕಾಶೀರಾಮ.

"ಇಷ್ಟೇ ನೋಡ್ರಿ ಕಾಕಾ." ಜುಲ್ಫೀಕಾರ ಎರಡನೇ ಪೊಟ್ಟಣ ಹರಿದು ಇನ್ನೊಂದು ಕಡ್ಡಿ ತೆಗೆದ. "ಕಾಕೂನ ಕರೀರಿ ಒಳಗ."

ಕಾಶೀರಾಮ ಆ ಕಡ್ಡಿಯನ್ನೇ ನೋಡಿದ. ಬಾಯಿಪಾಠ ಮಾಡಿಕೊಂಡು ಬಂದ ಮಾತು ಬಾಯಿಗೆ ಬರಲಿಲ್ಲ. ಭಾಲ್ಕಿಯಲ್ಲಿ ಅವನ ಮನೆಯಿಂದ ದವಾಖಾನೆಗೆ ಹತ್ತು ನಿಮಿಷದ ನಡಿಗೆ, ಕಡ್ಡಿ ಹಾಕಲು ಹತ್ತು ಎಣಿಸುವಷ್ಟು ಹೊತ್ತು. ಅಷ್ಟನ್ನು ಅವನು ಐದು ದಿನ ಅವಳಿಗೆ ಕೊಡಿಸಲಿಲ್ಲ. ಅವನು ಮೇಜಿನ ಅಂಚು ಹಿಡಿದುಕೊಂಡು ಅಳತೊಡಗಿದ. ಸಾಜಿದ ಕೈಯಲ್ಲಿದ್ದ ಫೋನು ಇಟ್ಟು ಓಡಿ ಬಂದು ಭುಜ ಹಿಡಿದ, ಏನಾಯಿತು ಎಂದು ಕೇಳಿದ. ಕಾಶೀರಾಮ ಫೋಟೋ ಇದ್ದ ಕಾಗದದ ಮೇಲೆ ಅಂಗೈ ಇಟ್ಟು, ಇಲ್ಲ ಎಂದು ತಲೆ ಅಲ್ಲಾಡಿಸಿದ. ಸಾಜಿದನಿಗೆ ಅರ್ಥವಾಯಿತು. ಜುಲ್ಫೀಕಾರ ತೆರೆದ ಕಡ್ಡಿ ಹಿಡಿದುಕೊಂಡು ಹಾಗೇ ನಿಂತ.

ಸ್ವಲ್ಪ ಹೊತ್ತಾದ ಮೇಲೆ ಕಾಶೀರಾಮ ತನ್ನ ಮೊಬೈಲು ತೆಗೆದು ಔರಾದಿಗೆ ಹಚ್ಚಿದ. ಸಾಲಿ ನಡೆದಿತ್ತು, ಹಿಂದೆ ಮಕ್ಕಳು ಮಗ್ಗಿ ಒಪ್ಪಿಸುವುದು ಕೇಳುತ್ತಿತ್ತು.

"ಮಗಳ, ನಿಮ್ಮ ಆಯಿಗಿ ಆವಾಗ ನಾ ಟೆಸ್ಟ್ ಮಾಡ್ಸಿರ್ಲಿಲ್ಲ. ನಿನಗ ಸುಳ್ಳ ಹೇಳಿದೆ."

ಮಹಾಮಾಯಾ ವರ್ಗದಿಂದ ಹೊರಗೆ ಬಂದಳೇನೋ, ಮಕ್ಕಳ ದನಿ ದೂರವಾಯಿತು. ಆಮೇಲೆ ಒಂದೇ ಮಾತು ಕೇಳಿದಳು.

"ಯಾಕ ಬಾಬಾ?"

ಕಾಶೀರಾಮ ಮೇಜಿನ ಮೇಲಿನ ಎರಡು ಕಾಗದಗಳನ್ನು ನೋಡಿದ.

"ಹಡಗ ತಪ್ತದಂತ, ಮಗಳ," ಎಂದ.